ಎರಡನೇ ಬೈಕು

ಹುಬ್ಬಳ್ಳಿಯಿಂದ ಹೊರಡುವಾಗಲೇ ತಂಡದ ನಾಯಕ ಮಂಟೂರರು, ಹೊಸದಾಗಿ ಬೈಕ್ ಕ್ಲಬ್ಬು ಸೇರಿದ್ದ ನರ್ಸ್ ಕಸ್ತೂರಿಯನ್ನು ತಮ್ಮ ಬೆನ್ನ ಹಿಂದೆಯೇ ನಿಲ್ಲಿಸಿಕೊಂಡಿದ್ದರು.

"ಹೊಸಬ್ರು ಎರಡನೇ ಬೈಕಿನ್ಯಾಗ ಇರಬೇಕ್ರಿ. ಅದ ಸೇಫ್."

ಘಟ್ಟ ಇಳಿಯತೊಡಗಿದ ಮೇಲೆ ಕಸ್ತೂರಿಗೆ ಹಾಗನ್ನಿಸಲಿಲ್ಲ. ಪ್ರತಿ ತಿರುವಿಗೂ ಮಂಟೂರರ ವೇಗ ಹೆಚ್ಚುತ್ತಿತ್ತು. ನಿಧಾನಿಸೋಣವೆಂದರೆ ಹಿಂದೆ ಉಳಿದವರ ಬೈಕುಗಳು. ಪಕ್ಕಕ್ಕೆ ಸರಿಯೋಣವೆಂದರೆ ಎಡಕ್ಕೆ ಕಂದಕ, ಬಲಕ್ಕೆ ಏರಿ ಬರುವ ಲಾರಿಗಳು. ಮುಂದಿನ ಬೈಕಿನ ಕೆಂಪು ದೀಪ ಕಣ್ಮರೆಯಾದರೆ ದಾರಿ ತಪ್ಪುತ್ತೇನೆಂಬ ಭಯಕ್ಕೆ ಅವಳು ಅದಕ್ಕೆ ಅಂಟಿಕೊಂಡೇ ಓಡಿಸಿದಳು. ಬೆರಳುಗಳು ಜೋಮು ಹಿಡಿದವು. ಒಂದು ತಿರುವಿನಲ್ಲಿ ಹಿಂದಿನ ಚಕ್ರ ಜಾರಿದಾಗ ಮಗಳ ಹೆಸರು ಬಾಯಿಗೆ ಬಂತು. ಆದರೂ ನಿಲ್ಲಿಸುವ ಧೈರ್ಯವಾಗಲಿಲ್ಲ.

ಘಟ್ಟದ ಬುಡದಲ್ಲಿ ಚಹಾದಂಗಡಿಯೊಂದರ ಮುಂದೆ ಮಂಟೂರರು ಕೊನೆಗೂ ನಿಂತರು. ಇನ್ನು ಈ ಮನುಷ್ಯನ ಹಿಂದೆ ಬರುವುದಿಲ್ಲ, ಬೈಕು ಇಲ್ಲೇ ಬಿಟ್ಟು ಬಸ್ಸು ಹತ್ತುತ್ತೇನೆ ಎಂದು ಹೇಳಿಬಿಡಲು ಕಸ್ತೂರಿ ನೇರವಾಗಿ ಅವರ ಬಳಿಗೆ ನಡೆದಳು.

"ಸರ್, ಒಂದ ಮಾತ ಹೇಳಬೇಕಾಗಿತ್ರಿ."

"ಮೊದಲ ನಾ ಹೇಳ್ತೀನಿ, ತಡೀರಿ."

ಅವರು ಹೆಲ್ಮೆಟ್ ತೆಗೆದರು. ಮುಖ ಬಿಳಿಚಿಕೊಂಡಿತ್ತು.

"ಇನ್ನ ಮುಂದ ನೀವ ಮೊದಲ ಹೋಗ್ರಿ, ಮೇಡಮ್ಮರ. ನಾ ಬ್ರೇಕ್ ಹಿಡದ್ರ ಎಲ್ಲಿ ನನ್ನ ಮ್ಯಾಲ ಬಂದ ಬೀಳ್ತೀರೋ ಅಂತ ಹೆದರಿ, ಘಟ್ಟದ ತುಂಬ ನಿಮ್ಮಿಂದ ತಪ್ಪಿಸ್ಕೊಂಡ ಓಡಿ ಬಂದೀನಿ."