ಒಂದೇ ಬ್ಯಾಟರಿ

ಕಾಲುವೆಗೆ ಮಗುಚಿದ್ದ ಟ್ರ್ಯಾಕ್ಟರ್ ಗೇಣು ಮೇಲೆದ್ದು ನಿಂತುಬಿಟ್ಟಿತು. ಅದನ್ನು ಎಳೆಯುತ್ತಿದ್ದ ಧರಣೇಂದ್ರನ ಜೀಪಿನ ವಿಂಚ್ ಒಮ್ಮೆ ನರಳಿ, ಹಗ್ಗ ಸುತ್ತುವುದನ್ನು ಬಿಟ್ಟಿತು. ಅಡಿಯಲ್ಲಿ ಸಿಕ್ಕಿಕೊಂಡ ದುಂಡಪ್ಪನ ಮುಖವಷ್ಟೇ ನೀರಿನ ಮೇಲಿತ್ತು. ಹೆಂಡತಿ ಚನ್ನವ್ವ ಅದನ್ನು ಬೊಗಸೆಯಲ್ಲಿ ಎತ್ತಿ ಹಿಡಿದಿದ್ದಳು. ನೀರು ಏರುತ್ತಿತ್ತು.

“ಬ್ಯಾಟರಿ ಇಳದೈತಿ,” ಎಂದ ಧರಣೇಂದ್ರ.

ದಂಡೆಯ ಮೇಲಿದ್ದ ಅವನ ಹೆಂಡತಿ ತಾರಾಬಾಯಿ ಜೀಪಿನತ್ತ ತಿರುಗಿದಳು. ವಿಂಚಿಗೊಂದು, ಮನೆಗೊಂದು ಬ್ಯಾಟರಿ ಇರಲಿ ಎಂದು ಯಮಕನಮರಡಿಯ ಮಿಸ್ತ್ರಿ ಹೇಳಿದಾಗ, “ಎರಡ್ಯಾಕ್ರಿ? ಕರೆಂಟ್ ಹೋದಾಗ ಟಿವಿಗೂ ಅದ ಆಕೈತಿ,” ಎಂದವಳು ಅವಳೇ. ನಿನ್ನೆ ಕರೆಂಟ್ ಇಲ್ಲದ ಮಧ್ಯಾಹ್ನ ಅವಳೂ ಚನ್ನವ್ವನೂ ಅದೇ ಬ್ಯಾಟರಿಗೆ ಟಿವಿ ಹಚ್ಚಿ, ಸಂಜೆಯವರೆಗೆ ಕೂತಿದ್ದರು.

ಚನ್ನವ್ವ ತಲೆಯೆತ್ತಿದಳು. “ತಾರಕ್ಕ, ಇನ್ನೊಂದ ತಾಸು ನೋಡೂನು ಅಂದಾಕಿ ನಾನ ಅಲ್ಲೇನ?”

“ಅಲ್ಲವ್ವಾ, ನಾನ ಅಂದಿದ್ನಿ,” ಎನ್ನುತ್ತಾ ತಾರಾಬಾಯಿ ನೀರಿಗಿಳಿದು, ಆ ಬೊಗಸೆಯ ಕೆಳಗೆ ತನ್ನ ಕೈಗಳನ್ನೂ ಕೊಟ್ಟಳು.