ಮೋಡದೊಳಗಿನ ಹರಕೆ

ಕಡಲ ದಂಡೆಯ ನಿಲ್ದಾಣದಿಂದ ಪುಟ್ಟ ವಿಮಾನ ಏಳುವ ಮೊದಲು ಪೈಲಟ್, ಹಿಂದೆ ಕೂತಿದ್ದ ಗಂಡ ಹೆಂಡತಿ ಇಬ್ಬರ ಕಿವಿಗೂ ಹೆಡ್‌ಫೋನ್ ತೊಡಿಸಿದ. "ಎಂಜಿನ್ ಎಷ್ಟೇ ಕೂಗಲಿ, ಇದರಲ್ಲಿ ಪಿಸುಗುಟ್ಟಿದರೂ ನಮಗೆ ಮೂವರಿಗೂ ಕೇಳ್ತದೆ," ಎಂದ.

"ಇವ್ರೇ, ಅಣ್ಣನ ಮಗಳ ಮದುವೆಗೆ ಹೋಗುವನಾ?" ಹೆಂಡತಿ ಮೆಲ್ಲಗೆ ಕೇಳಿದಳು.

"ನಿನ್ನ ಅಣ್ಣನ ಮೆಟ್ಟಿಲು ನಾನು ಹತ್ತುವುದಿಲ್ಲ. ನೀನೂ ಹತ್ತಬೇಡ. ಮುಗೀತು."

ವಿಮಾನ ನೆಗೆಯಿತು. ತೆಂಗಿನ ತಲೆಗಳ ಮೇಲೆಯೇ ಕವಿದಿದ್ದ ಮೋಡ ಅವರನ್ನು ನುಂಗಿತು. ಪಕ್ಕದ ರೆಕ್ಕೆಯೂ ಕಾಣದಾಯಿತು. ಗಂಡ ಕಣ್ಣು ಮುಚ್ಚಿ ಸ್ತೋತ್ರ ಶುರು ಮಾಡಿದ. ಎರಡನೇ ಸಾಲೇ ನೆನಪಾಗಲಿಲ್ಲ.

"ಅಮ್ಮಾ ದುರ್ಗೆ, ಪಾರು ಮಾಡು! ನಸ್ಯ ಬಿಟ್ಟೆ!"

ವಿಮಾನ ಗಡಗಡ ಕುಲುಕಿತು.

"ಇಸ್ಪೀಟೂ ಬಿಟ್ಟೆ ತಾಯೀ! ನಿನ್ನ ಹೆಸರಲ್ಲಿ ಒಂದು ಬಯಲಾಟ ಆಡಿಸ್ತೇನೆ!"

ಅಷ್ಟರಲ್ಲಿ ಫಳ್ಳನೆ ಬಿಸಿಲು. ಕೆಳಗೆ ಮೋಡ ಆಗತಾನೆ ಬೆಂದ ಇಡ್ಲಿಯಂತೆ ಉಬ್ಬಿ ನಿಂತಿತ್ತು. ಗಂಡ ಬೆವರೊರೆಸಿಕೊಂಡು, ಏನೂ ಆಗದವನಂತೆ ಮೀಸೆ ನೀವಿಕೊಂಡ.

ಹೆಂಡತಿ ನಗು ತಡೆಯಲಾರದೆ ಪೈಲಟ್‌ನ ಭುಜ ತಟ್ಟಿದಳು.

"ಮದುವೆಯ ವಿಷಯ ಇವರ ಬಾಯಿಗೆ ಬರುವ ಮೊದಲೇ ಮೋಡ ಮುಗೀತಲ್ಲ ಮಾರಾಯ್ರೆ! ಇನ್ನೊಂದು ಸಲ ಒಳಗೆ ಹೋಗಿ ಬರುವನಾ?"