ಸೀರೆ ಅಂಗಡಿಗೆ ಯಾಕಪ್ಪ?

ತಿಪಟೂರಿನಿಂದ ಬೆಂಗಳೂರಿಗೆ ಹೊರಟ ಬೆಳಗಿನ ರೈಲು...

ಯಾವ ಊರಿನಲ್ಲಿಯೂ ಬಹಳ ದಿನ ನಿಲ್ಲಲಾರದವನಿಗೆ ರೈಲಿನ ಕಿಟಕಿಯೇ ಮನೆಯ ಅಂಗಳ. ಅಂದು ನನ್ನ ಎದುರಿನ ಸೀಟಿಗೆ ಒಬ್ಬ ತಂದೆ ಮತ್ತು ಅವರ ಇಬ್ಬರು ಹೆಣ್ಣುಮಕ್ಕಳು ಬಂದು ಕುಳಿತರು.

ತಂದೆಯ ಹೆಸರು ಪಾಲಾಕ್ಷ. ಮೋಟಾರು ರಿಪೇರಿಯ ಅಂಗಡಿ. ದೊಡ್ಡವಳು ಸಿಂಚನಾ, ಪಿಯುಸಿ. ಚಿಕ್ಕವಳು ಮೌಲ್ಯ, ಹೈಸ್ಕೂಲು.

ನಾನೇನೂ ವಿಚಾರಿಸಲಿಲ್ಲ. ರೈಲಿನಲ್ಲಿ ಇವೆಲ್ಲ ತಾವಾಗಿಯೇ ತಿಳಿಯುತ್ತವೆ...

ಒಂದು ದಿನದ ಮಟ್ಟಿಗೆ ಬೆಂಗಳೂರು ನೋಡಿ, ಸಂಜೆಯ ರೈಲಿಗೆ ಹಿಂದಿರುಗುವುದು ಅವರ ಉದ್ದೇಶ.

ಮೌಲ್ಯಳ ಮಡಿಲಲ್ಲಿ ನೀಲಿ ಬಣ್ಣದ ನೀರಿನ ಬಾಟಲಿಯಿತ್ತು. ಕತ್ತಿನವರೆಗೂ ತುಂಬಿತ್ತು.

"ಒಂದ್ ಗುಟುಕು ನೀರ್ ಕುಡಿಯವ್ವ," ಎಂದರು ಪಾಲಾಕ್ಷ.

"ಬಾಯಾರಿಕೆ ಇಲ್ಲಪ್ಪ."

ಅವಳ ತುಟಿ ಮಾತ್ರ ಒಣಗಿತ್ತು...

"ಅಪ್ಪ, ಇನ್ನೊಂದ್ ಸಲ ಪ್ಲಾನ್ ಹೇಳು," ಎಂದಳು ಸಿಂಚನಾ. ಧ್ವನಿಯಲ್ಲಿ ತಕರಾರಿತ್ತು.

ಪಾಲಾಕ್ಷ ಬೆರಳು ಮಡಚತೊಡಗಿದರು. "ಇಳಿದ ತಕ್ಷಣ ಹೋಟ್ಲಲ್ಲಿ ತಿಂಡಿ. ಆಮೇಲೆ ಮ್ಯೂಸಿಯಂ. ಅಲ್ಲಿಂದ ಸೀರೆ ಅಂಗಡಿ. ಮಧ್ಯಾಹ್ನ ಎಸಿ ಹೋಟ್ಲಲ್ಲಿ ಊಟ. ಆಮೇಲೆ ಮಾಲು. ಸಂಜೆ ಇನ್ನೊಂದ್ ಹೋಟ್ಲಲ್ಲಿ ಕಾಫಿ..."

"ನೋಡೇ ಮೌಲ್ಯ, ನಾವ್ ಬೆಂಗ್ಳೂರ್ ನೋಡಕ್ಕಲ್ಲ, ತಿನ್ನಕ್ಕೆ ಹೋಗ್ತಿರೋದು!"

ಮೌಲ್ಯ ಕಿಸಕ್ಕನೆ ನಕ್ಕಳು.

"ಸೀರೆ ಅಂಗಡಿಗೆ ಯಾಕಪ್ಪ? ನಮ್ ಮೂರ್ ಜನದಲ್ಲಿ ಸೀರೆ ಉಡೋರ್ ಯಾರು? ನೀನಾ?" ಎಂದಳು ಸಿಂಚನಾ.

ಪಕ್ಕದಲ್ಲಿದ್ದ ಹೆಂಗಸೊಬ್ಬರು ಸೆರಗು ಅಡ್ಡ ಹಿಡಿದು ನಕ್ಕರು. ಪಾಲಾಕ್ಷರೂ ನಗಲು ಪ್ರಯತ್ನಿಸಿದರು.

"ಸುಮ್ನೆ ನೋಡ್ಕೊಂಡ್ ಬಂದ್ರೆ ಯಾರೂ ಏನೂ ಅನ್ನಲ್ಲ ಕಣವ್ವ..."

"ನಾನ್ ಕೇಳಿದ್ದು ಒಂದೇ. ಆ ಓಲೆ ಮಾರೋ ಬೀದಿ. ನನ್ ಫ್ರೆಂಡ್ಸೆಲ್ಲಾ ಅಲ್ಲೇ ತಗೊಂಡ್ ಬಂದವ್ರೆ. ಅದ್ ಮಾತ್ರ ಬೇಡ ಅಂತೀಯ. ಯಾಕೆ ಅಂತ್ಲೂ ಹೇಳಲ್ಲ!"

"ಅಲ್ಲಿ ಜನ ಜಾಸ್ತಿ..." ಎಂದು ಪಾಲಾಕ್ಷ ಕಿಟಕಿಯಾಚೆ ನೋಡಿದರು. ಅದು ನಿಜವಾದ ಕಾರಣವಲ್ಲವೆಂಬುದು ನನಗೂ ಕಂಡಿತು.

ಗುಬ್ಬಿ ಸ್ಟೇಷನ್ ಹಿಂದೆ ಸರಿಯಿತು...

"ಇದಕ್ಕಿಂತ ಮನೇಲಿ ಮಲಗೋದೇ ವಾಸಿ. ನಾನ್ ತುಮಕೂರಲ್ಲಿ ಇಳಿದು ವಾಪಸ್ ಹೋಗ್ತೀನಿ," ಎಂದ ಸಿಂಚನಾ ಬ್ಯಾಗನ್ನು ಹೆಗಲಿಗೇರಿಸಿ, ತಾಯಿಗೆ ಫೋನ್ ಮಾಡಿಯೇ ಬಿಟ್ಟಳು. ಅಜ್ಜಿಗೆ ಹುಷಾರಿಲ್ಲದ ಕಾರಣ ತಾಯಿ ಮನೆಯಲ್ಲಿಯೇ ಉಳಿದಿದ್ದರು.

ರೈಲಿನ ಸದ್ದಿಗೆ ಏನೂ ಕೇಳಿಸದೆ, ಅವಳು ಸ್ಪೀಕರ್ ಹಾಕಿದಳು.

"ಅಮ್ಮ, ಅಪ್ಪನ ಪ್ಲಾನ್ ಕೇಳಿದ್ರೆ ನಗ್ತೀಯ! ಹೋಟ್ಲು, ಸೀರೆ ಅಂಗಡಿ, ಮತ್ತೆ ಹೋಟ್ಲು, ಮಾಲು, ಮತ್ತೆ ಹೋಟ್ಲು..."

ಅತ್ತಲಿಂದ ನಗು ಬರಲಿಲ್ಲ.

"ಹೋದ ಭಾನುವಾರ ನಿಮ್ಮಪ್ಪ ಎಲ್ಲಿಗ್ ಹೋಗಿದ್ರು ಗೊತ್ತಾ?"

"ತಾಮ್ರದ ವೈರ್ ತರಕ್ಕೆ. ಬೆಂಗ್ಳೂರಿಗೆ."

"ವೈರೂ ಇಲ್ಲ, ಏನೂ ಇಲ್ಲ. ನಿಮ್ಮನ್ನ ಕರ್ಕೊಂಡ್ ಹೋಗೋ ಜಾಗನೆಲ್ಲಾ ಒಬ್ರೇ ಸುತ್ತಿ ಬಂದ್ರು ಕಣೇ. ಹೆಂಗಸ್ರ ಟಾಯ್ಲೆಟ್ ಎಲ್ಲೈತೆ, ಕ್ಲೀನಾಗೈತಾ, ಚಿಲಕ ಸರಿಯಾಗ್ ಬೀಳುತ್ತಾ ಅಂತ ಕಂಡೋರನ್ನೆಲ್ಲಾ ಕೇಳ್ಕೊಂಡು..."

ಸಿಂಚನಾಳ ಕೈ ಸ್ಪೀಕರ್ ಗುಂಡಿಯತ್ತ ಹೋಯಿತು. ಒತ್ತಲಿಲ್ಲ.

"ಹೋದ್ ವರ್ಷ ಟ್ರಿಪ್ಪಲ್ಲಿ ಮೌಲ್ಯ ಇಡೀ ದಿನ ನೀರೇ ಕುಡೀದೆ, ಎಲ್ಲೂ ಹೋಗ್ದೆ ತಡ್ಕೊಂಡು, ಆಸ್ಪತ್ರೆ ಸೇರಿದ್ಲಲ್ಲ... 'ಜೊತೇಲಿ ತಂದೆ ಇದ್ರಲ್ಲ, ಒಂದ್ ಮಾತು ಕೇಳ್ಬಾರ್ದಿತ್ತಾ' ಅಂದ್ರು ಡಾಕ್ಟ್ರು. ಅವತ್ತಿಂದ ಆ ಮಾತು ಅವ್ರ ಎದೇಲಿ ಕೂತೈತೆ. ನಿಮ್ಹತ್ರ ಬಾಯ್ಬಿಟ್ ಹೇಳಕ್ಕೆ ನಾಚಿಕೆ."

ಪಾಲಾಕ್ಷ ತಲೆ ತಗ್ಗಿಸಿದರು. "ಸಾಕು ಇಡೇ ಫೋನು..." ಎಂದು ಗೊಣಗಿದರು.

ಫೋನು ನಿಲ್ಲಲಿಲ್ಲ. "ಒಂದ್ ಕಡೆ ಸೆಕ್ಯೂರಿಟಿಯವ್ನು ಕಾಲರ್ ಹಿಡ್ಕಂಡನಂತೆ. 'ಹೆಂಗಸ್ರ ಬಾಗ್ಲತ್ರ ನಿಂಗೇನಯ್ಯ ಕೆಲ್ಸ' ಅಂತ. ಇವ್ರು ಕೈ ಮುಗಿದು, 'ನಂಗೆ ಇಬ್ರು ಹೆಣ್ಮಕ್ಕಳವ್ರೆ ಸಾರ್... ಮುಂದಿನ್ ವಾರ ಬರ್ತಾರೆ' ಅಂದ್ರಂತೆ. ಆ ಓಲೆ ಬೀದೀಲೂ ಹುಡುಕಿದ್ರು. ಸಿಗ್ಲಿಲ್ಲ. ಅದಕ್ಕೇ ಬೇಡ ಅಂದಿರೋದು."

ಕರೆ ಮುಗಿಯಿತು... ನಗುತ್ತಿದ್ದ ಹೆಂಗಸಿನ ಸೆರಗು ಈಗ ಕಣ್ಣಿನ ಬಳಿಯಿತ್ತು.

ತುಮಕೂರು ಬಂದಿತು. ಜನ ಇಳಿದರು, ಜನ ಹತ್ತಿದರು. ಸಿಂಚನಾ ಕದಲಲಿಲ್ಲ.

ರೈಲು ಮತ್ತೆ ಹೊರಟಾಗ ಅವಳು ಬ್ಯಾಗನ್ನು ಕೆಳಗಿಟ್ಟಳು.

"ಅಪ್ಪ... ಸೀರೆ ಅಂಗಡಿಯಿಂದ ಆ ಬೀದಿ ದೂರನಾ?"

"ಇಲ್ಲವ್ವ. ಆ ಕಡೆ ರಸ್ತೆ ದಾಟಿದ್ರೆ ಆಯ್ತು."

"ಹಂಗಾದ್ರೆ ಮೊದ್ಲು ಸೀರೆ ಅಂಗಡಿ, ಆಮೇಲೆ ಓಲೆ, ವಾಪಸ್ ಬರ್ತಾ ಮತ್ತೆ ಸೀರೆ ಅಂಗಡಿ. ಎರಡ್ ಸಲ ಹೋದ್ರೆ ಬೈತಾರಾ?"

ಪಾಲಾಕ್ಷ ಮಗಳತ್ತ ತಿರುಗಿದರು. ಅವರ ಕಣ್ಣು ತುಂಬಿತ್ತು...

"ಬೈದ್ರೆ ನಾನೇ ಒಂದ್ ಸೀರೆ ತಗೊಂಡ್ ಉಡ್ತೀನಿ ಬಿಡು."

ಮೂವರೂ ನಕ್ಕರು.

ಅಷ್ಟರಲ್ಲಿ ಮೌಲ್ಯ ಯಾರೂ ಹೇಳದೆಯೇ ಬಾಟಲಿಯ ಮುಚ್ಚಳ ತಿರುಗಿಸಿದಳು.

ತಲೆಯೆತ್ತಿ, ಕಣ್ಣು ಮುಚ್ಚಿ, ಗಟಗಟನೆ ಕುಡಿದಳು... ಬಾಟಲಿ ಅರ್ಧವಾಗುವವರೆಗೂ ಕೆಳಗಿಳಿಸಲಿಲ್ಲ.

*ಬಾಯಿಬಿಟ್ಟು ಹೇಳಿಕೊಳ್ಳಲಾಗದವರ ಕಷ್ಟವನ್ನು, ಅವರಿಗಿಂತ ಮೊದಲೇ ಹೋಗಿ ನೋಡಿಬರುವುದೇ ಪ್ರೀತಿ.*

ಮುಂದಿನ ಪ್ರವಾಸದಲ್ಲಿ, ನಿಮ್ಮ ಮನೆಯ ಹೆಣ್ಣುಮಕ್ಕಳ ನೀರಿನ ಬಾಟಲಿ ಇನ್ನೂ ತುಂಬಿಯೇ ಇದೆಯೇ ಎಂದು ಒಮ್ಮೆ ನೋಡುವಿರಾ?